ಕೈಗೆ ಮಾರ್ಕ್ಸ್ ಹಾಕುವವರು ಯಾರು?

ನನ್ನ ಅಕ್ಕನ ಮಗಳು ಬೆಳಗಾವಿಯ ಟಿಳಕವಾಡಿಯಲ್ಲಿ ನಾಯಿ-ಬೆಕ್ಕುಗಳ ಕ್ಲಿನಿಕ್ಕೊಂದರಲ್ಲಿ ಕೆಲಸ ಮಾಡುತ್ತಾಳೆ. ನಾಲ್ಕು ವರ್ಷವಾಯಿತು. ಕಳೆದ ದೀಪಾವಳಿಗೆ ಮುಧೋಳದ ನಮ್ಮ ಮನೆಗೆ ಬಂದವಳು ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. ಹೊರದೇಶದಲ್ಲಿ ವೆಟರ್ನರಿ ನರ್ಸಿಂಗ್ ಓದಲು ಅರ್ಜಿ ತುಂಬುತ್ತಿದ್ದಳು. ಅದರಲ್ಲಿ ಉದ್ದನೆಯ ಪಟ್ಟಿ. ರಕ್ತನಾಳಕ್ಕೆ ಸೂಜಿ ಹಾಕುವುದು, ಎಕ್ಸ್‌ರೇಗೆ ನಾಯಿಯನ್ನು ಮಲಗಿಸುವುದು, ಅರಿವಳಿಕೆ ಕೊಟ್ಟ ಪ್ರಾಣಿಯ ಉಸಿರು ನೋಡಿಕೊಳ್ಳುವುದು, ಆಪರೇಷನ್ ಸಾಮಾನು ಸಿದ್ಧ ಮಾಡುವುದು. ಪ್ರತಿಯೊಂದರ ಮುಂದೆ ಮೂರು ಖಾನೆ. ಯಾರ ಎದುರು ಮಾಡಿದಿರಿ? ಯಾವಾಗ? ನೋಡಿದವರ ನೋಂದಣಿ ಸಂಖ್ಯೆ ಏನು?

"ಮಾಮಾ, ದಿನಾ ಇದನ್ನ ಮಾಡತೀನಿ. ಆದ್ರ ಇಲ್ಲಿ ಯಾರ ಹೆಸರು ಬರೀಲಿ?" ಅಂದಳು.

ನನಗೂ ಗೊತ್ತಾಗಲಿಲ್ಲ. ಡಾಕ್ಟರು ಪಕ್ಕದಲ್ಲೇ ಇರುತ್ತಾರೆ, ನಿಜ. ಆದರೆ ಅವರು ಕೆಲಸ ಹೇಳುತ್ತಾರೆ, ಪರೀಕ್ಷೆ ಮಾಡುವುದಿಲ್ಲ. ಅವಳ ಕೈಯನ್ನು ನಂಬುವವರು ನೂರು ಜನ ಇದ್ದಾರೆ. ಅಳೆದವರು ಒಬ್ಬರೂ ಇಲ್ಲ. ಆ ಖಾಲಿ ಖಾನೆಗಳ ಹಿಂದೆ ದೊಡ್ಡದೊಂದು ಚರ್ಚೆ ಇದೆ. ಪ್ರಾಣಿಗಳ ಆರೈಕೆ ಮಾಡುವವರ ಕೈಕೆಲಸವನ್ನು ಎಲ್ಲ ದೇಶಗಳಲ್ಲೂ ಒಂದೇ ಅಳತೆಗೋಲಿನಲ್ಲಿ ಅಳೆಯಬಹುದೇ ಅನ್ನುವುದು ಆ ಚರ್ಚೆ.

ಮೊದಲು ಹೆಸರಿನ ಗೊಂದಲ. ನಮ್ಮ ಕಡೆ ವೆಟರ್ನರಿ ನರ್ಸ್ ಅಂದರೆ ಜನ ನಗುತ್ತಾರೆ. ದನಕ್ಕೂ ನರ್ಸ್ ಬೇಕೇ ಅಂತ. ಬ್ರಿಟನ್‌ನಲ್ಲಿ 1961ರಿಂದಲೇ ಇವರಿಗೆ ಅಧಿಕೃತ ತರಬೇತಿ ಇದೆ. ಆಗ ನರ್ಸ್ ಅನ್ನುವ ಹೆಸರು ಕೊಟ್ಟಿರಲಿಲ್ಲ, ಪ್ರಾಣಿ ಶುಶ್ರೂಷಾ ಸಹಾಯಕರು ಎನ್ನುತ್ತಿದ್ದರು. ಇವತ್ತು ಅಲ್ಲಿನ ನೋಂದಾಯಿತ ನರ್ಸ್, ಡಾಕ್ಟರ ಸೂಚನೆಯಂತೆ ಔಷಧ ಕೊಡಬಹುದು. ಹೊಟ್ಟೆ, ಎದೆಯ ಒಳಗೆ ಕೈ ಹಾಕದಂಥ ಚಿಕ್ಕ ಶಸ್ತ್ರಚಿಕಿತ್ಸೆಯನ್ನೂ ಮಾಡಬಹುದು. ವಿಚಿತ್ರ ಅಂದರೆ, ಇಷ್ಟಾದರೂ ಅಲ್ಲಿನ 1966ರ ಕಾನೂನಿನಲ್ಲಿ 'ವೆಟರ್ನರಿ ನರ್ಸ್' ಅನ್ನುವ ಹೆಸರಿಗೆ ರಕ್ಷಣೆ ಇಲ್ಲ. ಅಮೆರಿಕದಲ್ಲಿ ಇವರನ್ನು ಟೆಕ್ನಿಷಿಯನ್ ಅನ್ನುತ್ತಾರೆ. ಅದರಲ್ಲೂ ರಾಜ್ಯಕ್ಕೊಂದು ಪದವಿ. ಒಂದು ಕಡೆ 'ಸರ್ಟಿಫೈಡ್', ಇನ್ನೊಂದು ಕಡೆ 'ರಿಜಿಸ್ಟರ್ಡ್', ಮತ್ತೊಂದು ಕಡೆ 'ಲೈಸೆನ್ಸ್ಡ್'. ಆಸ್ಟ್ರೇಲಿಯಾದಲ್ಲಿ ಪಶ್ಚಿಮ ಭಾಗದ ಒಂದು ರಾಜ್ಯದಲ್ಲಿ ಮಾತ್ರ ಕಾನೂನಿನ ಪ್ರಕಾರ ನೋಂದಣಿ ಬೇಕು, ಉಳಿದ ಕಡೆ ಅದು ಸ್ವಯಂಪ್ರೇರಿತ. ಜಪಾನ್ 2019ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು, ಮೊದಲ ರಾಷ್ಟ್ರೀಯ ಪರೀಕ್ಷೆ 2023ರಲ್ಲಿ ನಡೆಯಿತು. ದಕ್ಷಿಣ ಕೊರಿಯಾ ಅದಕ್ಕಿಂತ ಒಂದು ವರ್ಷ ಮೊದಲೇ ಪರೀಕ್ಷೆ ಶುರು ಮಾಡಿತ್ತು. ಅಂದರೆ ಎಷ್ಟೋ ಕಡೆ ಇದು ಈಗಷ್ಟೇ ಕಣ್ಣು ಬಿಡುತ್ತಿರುವ ವೃತ್ತಿ.

ಇಲ್ಲಿ ಒಂದು ಮಾತು ಗಮನಿಸಬೇಕು. ಪುಸ್ತಕದ ಪರೀಕ್ಷೆಯನ್ನು ಒಂದೇ ಥರ ಮಾಡುವುದು ಸುಲಭ. ಅಮೆರಿಕ, ಕೆನಡಾದ ಬಹುಪಾಲು ಕಡೆ ನಡೆಯುವ ಟೆಕ್ನಿಷಿಯನ್ ಪರೀಕ್ಷೆಯನ್ನೇ ನೋಡಿ. 170 ಬಹು ಆಯ್ಕೆ ಪ್ರಶ್ನೆ. ಅದರಲ್ಲಿ ಲೆಕ್ಕಕ್ಕೆ ಬರುವುದು 150, ಉಳಿದ 20 ಮುಂದಿನ ಪರೀಕ್ಷೆಗೆ ಪ್ರಶ್ನೆ ಸರಿಹೋಗುತ್ತದೆಯೇ ಅಂತ ನೋಡಲು. ಕಂಪ್ಯೂಟರ್ ಮುಂದೆ ಮೂರು ತಾಸು. ಯಾವ ಊರಲ್ಲಿ ಕೂತು ಬರೆದರೂ ಅಳತೆ ಒಂದೇ. ಆದರೆ ಆ ಪರೀಕ್ಷೆಯಲ್ಲಿ ಯಾರೂ ಸೂಜಿ ಮುಟ್ಟುವುದಿಲ್ಲ. ಕೈಕೆಲಸವನ್ನು ನೋಡಿ ಒಪ್ಪುವ ಹೊಣೆ ಕಾಲೇಜಿನದು. ಯಾವ ಕೆಲಸಗಳನ್ನು ಕಲಿಸಲೇಬೇಕು ಅನ್ನುವ ಪಟ್ಟಿಯನ್ನು ಅಲ್ಲಿನ ಪಶುವೈದ್ಯರ ಸಂಘ ಕೊಡುತ್ತದೆ, ಕಾಲೇಜಿಗೆ ಮಾನ್ಯತೆಯನ್ನೂ ಅದೇ ಕೊಡುತ್ತದೆ. ಬ್ರಿಟನ್ ದಾರಿ ಬೇರೆ. ಅಲ್ಲಿ ವಿದ್ಯಾರ್ಥಿ ಕನಿಷ್ಠ 1,800 ತಾಸು ನಿಜವಾದ ಆಸ್ಪತ್ರೆಯಲ್ಲಿ ಕಳೆಯಬೇಕು. ಒಂದೊಂದು ಕೌಶಲವನ್ನೂ ದಾಖಲೆಗೆ ಏರಿಸಬೇಕು. ಪಕ್ಕದಲ್ಲಿ ನಿಂತು ನೋಡಿದ ಮಾರ್ಗದರ್ಶಕರು ಸಹಿ ಹಾಕಬೇಕು. ಅದರ ಮೇಲೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ.

ಆ ಪರೀಕ್ಷೆಯ ಹೆಸರು ನಮ್ಮ ಕಡೆಯವರಿಗೆ ಹೊಸದಲ್ಲ. ಲಂಡನ್‌ಗೋ ಮ್ಯಾಂಚೆಸ್ಟರ್‌ಗೋ ಹೋದ ನಮ್ಮ ನರ್ಸ್ ಹುಡುಗಿಯರು ಫೋನಿನಲ್ಲಿ 'ಓಸ್ಕಿ ಪಾಸಾತು' ಅಂತ ಹೇಳುವುದನ್ನು ಕೇಳಿರುತ್ತೀರಿ. ಅದೇ ಓಸ್ಕಿ. ಇದನ್ನು ರೂಪಿಸಿದ್ದು ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು, 1975ರಲ್ಲಿ, ಮನುಷ್ಯರ ಡಾಕ್ಟರಿಕೆ ಓದುವವರಿಗಾಗಿ. ಮುಂದೆ ಅದು ನರ್ಸಿಂಗ್‌ಗೆ, ಪಶುವೈದ್ಯಕ್ಕೆ, ವೆಟರ್ನರಿ ನರ್ಸಿಂಗ್‌ಗೆ ಹರಡಿತು.

ಹಾರ್ಡನ್‌ಗೆ ಕಂಡ ತೊಂದರೆ ಅರ್ಥವಾಗಬೇಕಾದರೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಬನ್ನಿ. ಸಂಕ್ರಾಂತಿ ಹೊತ್ತಿಗೆ ದನಗಳ ಸಂತೆ ಕೂಡುತ್ತದೆ. ಒಂದು ಖಿಲಾರಿ ಹೋರಿ ನಿಂತಿದೆ. ಐದು ಜನ ಬರುತ್ತಾರೆ. ಒಬ್ಬ ಹಲ್ಲು ನೋಡುತ್ತಾನೆ. ಇನ್ನೊಬ್ಬ ಸುಳಿ ಹುಡುಕುತ್ತಾನೆ. ಮೂರನೆಯವನು ನಡಿಗೆ ನೋಡುತ್ತಾನೆ. ಒಬ್ಬೊಬ್ಬರೂ ಟವೆಲ್ ಕೆಳಗೆ ಬೆರಳು ಹಿಡಿದು ಬೇರೆ ಬೇರೆ ಬೆಲೆ ಹೇಳುತ್ತಾರೆ. ಹೋರಿ ಮಾತ್ರ ಒಂದೇ. ಹಳೆಯ ಪ್ರಾಯೋಗಿಕ ಪರೀಕ್ಷೆ ಹೀಗೇ ಇತ್ತು. ಒಬ್ಬ ವಿದ್ಯಾರ್ಥಿಗೆ ಸುಲಭದ ರೋಗಿ, ಇನ್ನೊಬ್ಬನಿಗೆ ಕಷ್ಟದ ರೋಗಿ. ಒಬ್ಬ ಪರೀಕ್ಷಕ ಉದಾರಿ, ಇನ್ನೊಬ್ಬ ಕಟ್ಟುನಿಟ್ಟು. ಮಾರ್ಕ್ಸು ವಿದ್ಯಾರ್ಥಿಯ ಕೈಗೆ ಬಿತ್ತೋ ಅವನ ಅದೃಷ್ಟಕ್ಕೆ ಬಿತ್ತೋ ಹೇಳುವಂತಿರಲಿಲ್ಲ.

ಓಸ್ಕಿಯ ಉಪಾಯ ಸರಳ. ಸಾಲಾಗಿ ಸಣ್ಣ ಸಣ್ಣ ನಿಲ್ದಾಣ ಮಾಡಿ. ಪ್ರತಿಯೊಂದರಲ್ಲೂ ಒಂದೊಂದು ಕೆಲಸ, ಒಬ್ಬೊಬ್ಬ ಪರೀಕ್ಷಕ, ಮೊದಲೇ ಬರೆದಿಟ್ಟ ಹಾಳೆ. ಗಂಟೆ ಹೊಡೆದ ಕೂಡಲೇ ಎಲ್ಲರೂ ಮುಂದಿನದಕ್ಕೆ ಹೋಗಬೇಕು. ಎಲ್ಲರಿಗೂ ಅದೇ ಕೆಲಸ, ಅದೇ ಸಮಯ, ಅದೇ ಹಾಳೆ. ನಿಲ್ದಾಣ ಹತ್ತಾರು ಯಾಕೆ ಬೇಕು ಅಂದರೆ, ಕೈಕೆಲಸದಲ್ಲಿ ಒಂದು ಬಂದವನಿಗೆ ಇನ್ನೊಂದು ಬಂದೇ ಬರುತ್ತದೆ ಅಂತಿಲ್ಲ. ಚೆನ್ನಾಗಿ ಬ್ಯಾಂಡೇಜ್ ಕಟ್ಟುವವಳು ಔಷಧದ ಲೆಕ್ಕ ತಪ್ಪಬಹುದು. ಒಂದೇ ಕೆಲಸ ಅರ್ಧ ತಾಸು ನೋಡುವುದಕ್ಕಿಂತ ಹತ್ತು ಕೆಲಸ ಚುಟುಕಾಗಿ ನೋಡುವುದು ನಂಬಿಕೆಗೆ ಮೇಲು.

ಕೇಳಲು ಚೆನ್ನಾಗಿದೆ. ಇನ್ನು ನಮ್ಮ ಕೊಟ್ಟಿಗೆಗೆ ತಂದು ನೋಡೋಣ.

ಕರು ಹಾಕಿದ ಮರುದಿನ ಆಕಳು ಮಲಗಿಬಿಟ್ಟಿದೆ. ಕಿವಿ ತಣ್ಣಗೆ. ಕುತ್ತಿಗೆ ತಿರುಗಿಸಿ ಪಕ್ಕೆಗೆ ಇಟ್ಟುಕೊಂಡಿದೆ. ಹಾಲು ಜ್ವರ ಅಂತ ರೈತನೇ ಹೇಳುತ್ತಾನೆ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗೆ. ಡಾಕ್ಟರು ಕ್ಯಾಲ್ಸಿಯಂ ಏರಿಸಲು ಹೇಳುತ್ತಾರೆ. ಇದನ್ನೇ ಒಂದು ನಿಲ್ದಾಣ ಅಂದುಕೊಳ್ಳಿ. ಪರೀಕ್ಷಕರ ಹಾಳೆಯಲ್ಲಿ ಏನಿರಬೇಕು? ಬಾಟಲಿ ಮೈಬಿಸಿಗೆ ಬೆಚ್ಚಗಾಯಿತೇ? ಕೊಳವೆಯೊಳಗಿನ ಗಾಳಿ ತೆಗೆದಳೇ? ಸೂಜಿ ರಕ್ತನಾಳದೊಳಗೇ ಇದೆ ಅಂತ ಖಾತ್ರಿ ಮಾಡಿಕೊಂಡಳೇ? ಔಷಧ ಹೊರಗೆ ಸೋರಿದರೆ ಅಲ್ಲಿ ಬಾವು ಬರುತ್ತದೆ. ನಿಧಾನವಾಗಿ ಬಿಟ್ಟಳೇ? ಎದೆಗೆ ಸ್ಟೆತಸ್ಕೋಪ್ ಇಟ್ಟು ಬಡಿತ ಕೇಳುತ್ತಿದ್ದಳೇ? ಕ್ಯಾಲ್ಸಿಯಂ ಬಿರುಸಾಗಿ ಹೋದರೆ ಹೃದಯವೇ ನಿಂತುಬಿಡಬಹುದು. ಬಾಟಲಿ ಎತ್ತರ ಹಿಡಿದು 'ಲಗೂನ ಮುಗೀಲಿ' ಅಂತ ಅವಸರ ಮಾಡಿದರೆ ಔಷಧವೇ ಆಕಳನ್ನು ಕೊಲ್ಲುತ್ತದೆ.

ಈಗ ಇಬ್ಬರು ಬಂದರು ಅನ್ನಿ. ಮೊದಲನೆಯವಳು ಹಾಳೆಯ ಎಲ್ಲ ಹೆಜ್ಜೆಯನ್ನೂ ಗಿಳಿಪಾಠದ ಹಾಗೆ ಮಾಡಿದಳು. ಆದರೆ ಬಡಿತ ತಪ್ಪಿದಾಗ ಹನಿ ನಿಲ್ಲಿಸಲಿಲ್ಲ. ಎರಡನೆಯವಳು ಒಂದು ಹೆಜ್ಜೆ ಮರೆತಳು. ಬಡಿತ ತಪ್ಪಿದ ಕ್ಷಣ ಕೊಳವೆ ಮಡಚಿ ಹಿಡಿದು ಡಾಕ್ಟರನ್ನು ಕೂಗಿದಳು. ಬರೀ ಟಿಕ್ ಎಣಿಸುವ ಹಾಳೆಯಲ್ಲಿ ಮೊದಲನೆಯವಳಿಗೇ ಜಾಸ್ತಿ ಮಾರ್ಕ್ಸ್! ನಿಮ್ಮ ಆಕಳನ್ನು ಯಾರ ಕೈಗೆ ಕೊಡುತ್ತೀರಿ?

ಇದಕ್ಕೇ ಒಳ್ಳೆಯ ಪರೀಕ್ಷೆಗಳಲ್ಲಿ ಎರಡು ಕಾವಲು ಇಡುತ್ತಾರೆ. ಒಂದು, ಇದು ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಫೇಲ್ ಅನ್ನುವ ಹೆಜ್ಜೆಗಳು. ಎರಡು, ಟಿಕ್ ಲೆಕ್ಕದ ಜೊತೆಗೆ ಪರೀಕ್ಷಕರ ಒಟ್ಟು ಅಭಿಪ್ರಾಯ. ಆದರೆ ಒಟ್ಟು ಅಭಿಪ್ರಾಯ ಅಂದ ಕೂಡಲೇ ಮತ್ತೆ ಟವೆಲ್ ಕೆಳಗಿನ ಬೆರಳು ಬಂತು, ಅಲ್ವಾ? ಅದಕ್ಕೆ ಪರೀಕ್ಷಕರಿಗೂ ತರಬೇತಿ ಬೇಕು. ಎಲ್ಲರನ್ನೂ ಕೂಡಿಸಿ ಒಂದೇ ವಿಡಿಯೊ ತೋರಿಸಿ, ಬೇರೆ ಬೇರೆಯಾಗಿ ಮಾರ್ಕ್ಸ್ ಹಾಕಿಸಿ, ಎಲ್ಲಿ ಯಾಕೆ ವ್ಯತ್ಯಾಸ ಬಂತು ಅಂತ ಮಾತಾಡಿಸಬೇಕು. ದೇಶ ದೇಶಗಳ ನಡುವೆ ಏನಾದರೂ ಒಂದೇ ಆಗಬೇಕು ಅಂದರೆ ಅದು ಪ್ರಶ್ನೆಪತ್ರಿಕೆಗಿಂತ ಮೊದಲು ಈ ಕಣ್ಣು ಅಂತ ನನಗೆ ಅನಿಸುತ್ತದೆ. ಕಷ್ಟದ ಕೆಲಸವೂ ಅದೇ, ಖರ್ಚಿನ ಕೆಲಸವೂ ಅದೇ.

ಮಾರ್ಗದರ್ಶಕರು ನೋಡಿ ಸಹಿ ಹಾಕುವ ದಾಖಲೆ ಪುಸ್ತಕದ ದಾರಿಗೂ ಅದರದೇ ರೋಗ ಇದೆ. ನಿಜವಾದ ಪ್ರಾಣಿ, ನಿಜವಾದ ಗಡಿಬಿಡಿ, ನಿಜವಾದ ಮಾಲೀಕರ ನಡುವೆ ಕೆಲಸ ನೋಡುವುದರಿಂದ ಅದು ಪರೀಕ್ಷಾ ಕೋಣೆಗಿಂತ ಸತ್ಯಕ್ಕೆ ಹತ್ತಿರ. ಆದರೆ ದಿನಾ ಜೊತೆಗೆ ಚಹಾ ಕುಡಿಯುವ ಹುಡುಗಿಗೆ 'ಇನ್ನೂ ಬರಲಿಲ್ಲ' ಅಂತ ಬರೆಯಲು ಯಾರಿಗೆ ಮನಸ್ಸು ಬರುತ್ತದೆ? ನಮ್ಮಲ್ಲಿ ಪ್ರಾಕ್ಟಿಕಲ್ ರೆಕಾರ್ಡು ಹೇಗೆ ತುಂಬುತ್ತಿತ್ತು ಅಂತ ಪಿಯುಸಿ ವಿಜ್ಞಾನ ಓದಿದವರನ್ನು ಕೇಳಿ. ಹಿಂದಿನ ವರ್ಷದವರ ರೆಕಾರ್ಡು, ಈ ವರ್ಷದ ರಟ್ಟು. ನಾನೂ ಹಾಗೇ ಪಾಸಾದವನು.

ಹಾಗಾದರೆ ದೇಶಗಳು ಒಂದಕ್ಕೊಂದು ಹೊಂದಿಕೊಳ್ಳಲು ಏನೂ ಮಾಡಿಲ್ಲವೇ? ಮಾಡಿವೆ. ಯುರೋಪಿನಲ್ಲಿ ಅಕೋವೀನ್ ಅನ್ನುವ ಸಮಿತಿ ಇದೆ. ಅದು ವಿದ್ಯಾರ್ಥಿಗಳಿಗೆ ಪರೀಕ್ಷೆ ಇಡುವುದಿಲ್ಲ. ಇಂತಿಷ್ಟು ಕೌಶಲ ಬರಲೇಬೇಕು ಅಂತ ಪಟ್ಟಿ ಮಾಡಿ, ಅದನ್ನು ಸರಿಯಾಗಿ ಕಲಿಸಿ ಅಳೆಯುವ ಕೋರ್ಸುಗಳಿಗೆ ಮುದ್ರೆ ಒತ್ತುತ್ತದೆ. ನನಗೆ ಈ ದಾರಿ ಹಿಡಿಸುತ್ತದೆ. ಆದರೆ ಮುದ್ರೆಗೆ ಕಾನೂನಿನ ಬಲ ಕಡಿಮೆ. ಯುರೋಪ್ ಒಕ್ಕೂಟದ 2005ರ ನಿಯಮದಲ್ಲಿ ಪಶುವೈದ್ಯರ ಪದವಿಗೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ತಾನಾಗಿಯೇ ಮಾನ್ಯತೆ ಸಿಗುತ್ತದೆ. ಮನುಷ್ಯರ ನರ್ಸ್‌ಗಳಿಗೂ ಸಿಗುತ್ತದೆ. ವೆಟರ್ನರಿ ನರ್ಸ್‌ಗಳು ಮಾತ್ರ ಆ ಸಾಲಿನಲ್ಲಿ ಇಲ್ಲ.

ಇಡೀ ಜಗತ್ತಿನ ಮಟ್ಟದಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2018ರಲ್ಲಿ ಒಂದು ಮಾರ್ಗಸೂಚಿ ತಂದಿತು, ಮರುವರ್ಷ ಅದಕ್ಕೆ ಪಠ್ಯಕ್ರಮದ ಮಾದರಿ ಕೊಟ್ಟಿತು. ಅದು ಹೇಳುವುದು ಕ್ಲಿನಿಕ್ಕಿನ ನರ್ಸ್ ಬಗ್ಗೆ ಅಲ್ಲ. ಪ್ರಾಣಿ ಆರೋಗ್ಯ, ಮಾಂಸ-ಹಾಲಿನ ಸುರಕ್ಷತೆ, ಪ್ರಯೋಗಾಲಯ ಈ ಮೂರು ಕಡೆ ಕೆಲಸ ಮಾಡುವ ಅರೆಪಶುವೈದ್ಯಕೀಯ ಸಿಬ್ಬಂದಿಗೆ ಏನೇನು ಬರಬೇಕು ಅನ್ನುವುದು. ನಮ್ಮ ಹಳ್ಳಿಗಳಿಗೆ ಹತ್ತಿರದ್ದು ಇದೇ. ಆದರೆ ಏನು ಬರಬೇಕು ಅಂತ ಹೇಳುವುದು ಬೇರೆ, ಬಂದಿದೆಯೋ ಇಲ್ಲವೋ ಅಂತ ನೋಡುವುದು ಬೇರೆ.

ಇನ್ನು ಎಲ್ಲ ಕಡೆ ಒಂದೇ ಹಾಳೆ ಇಟ್ಟರೆ ಆಗುವ ಫಜೀತಿ. ಬ್ರಿಟನ್ನಿನ ಪರೀಕ್ಷೆಯಲ್ಲಿ ಮೇಜಿನ ಮೇಲೆ ಬಟ್ಟೆ ಬೊಂಬೆ ನಾಯಿ ಇರಬಹುದು. ಅದು ಒಳ್ಳೆಯದೇ, ಪ್ರತಿ ವಿದ್ಯಾರ್ಥಿಗೂ ಜೀವಂತ ನಾಯಿಯ ಕಾಲಿಗೆ ಚುಚ್ಚಿಸುವುದು ಹಿಂಸೆ. ಆದರೆ ನಮ್ಮಲ್ಲಿ ಅರ್ಧ ಕೆಲಸ ಹಿಡಿದು ನಿಲ್ಲಿಸುವುದರಲ್ಲೇ ಇದೆ. ಉದ್ದ ಕೋಡಿನ ಖಿಲಾರಿ ಎತ್ತನ್ನು ದನ ಅಲುಗದಂತೆ ನಿಲ್ಲಿಸುವ ಚೌಕಟ್ಟಾದ ಟ್ರೆವಿಸ್‌ನೊಳಗೆ ತರುವುದು, ಹಗ್ಗ ಹಾಕಿ ಪೆಟ್ಟಾಗದಂತೆ ಕೆಡವುವುದು, ಎಮ್ಮೆ ಯಾವಾಗ ಒದೆಯುತ್ತದೆ ಅಂತ ಕಣ್ಣಿನಲ್ಲೇ ತಿಳಿಯುವುದು. ಬೊಂಬೆ ಇದನ್ನು ಕಲಿಸುವುದಿಲ್ಲ. ನಮ್ಮ ಮುಧೋಳ ನಾಯಿಯನ್ನೇ ನೋಡಿ. ಸಪೂರ ಮೈ, ಕೊಬ್ಬು ಕಡಿಮೆ. ಗ್ರೇಹೌಂಡ್‌ನಂಥ ಓಟದ ನಾಯಿಗಳು ಥಯೋಪೆಂಟಾಲ್ ಥರದ ಅರಿವಳಿಕೆಯಿಂದ ಏಳುವುದು ಬೇರೆ ನಾಯಿಗಳಿಗಿಂತ ಬಹಳ ತಡ. ಮುಧೋಳವೂ ಅದೇ ಮೈಕಟ್ಟಿನದು, ಅದಕ್ಕೂ ಅದೇ ಎಚ್ಚರ ಬೇಕು. ಲ್ಯಾಬ್ರಡಾರ್ ಮೇಲೆ ಕಲಿತ ಕೈ ಇಲ್ಲಿ ಇನ್ನೊಂದಿಷ್ಟು ಹೊತ್ತು ಕಾಯಬೇಕು, ಮೈ ಬೆಚ್ಚಗಿಡಬೇಕು. ಹಾಗಂತ ಉಸಿರು ಎಣಿಸುವುದು, ವಸಡಿನ ಬಣ್ಣ ನೋಡುವುದು ಬದಲಾಗುತ್ತದೆಯೇ? ಇಲ್ಲ. ಅದು ಬೆಳಗಾವಿಯಲ್ಲೂ ಒಂದೇ, ಬರ್ಮಿಂಗ್‌ಹ್ಯಾಮ್‌ನಲ್ಲೂ ಒಂದೇ. ನಡುವಿನ ತಿರುಳು ಒಂದೇ ಇರಲಿ, ಸುತ್ತಲಿನದನ್ನು ಆಯಾ ನಾಡು ತನ್ನ ದನ-ನಾಯಿಗೆ ತಕ್ಕಂತೆ ಮಾಡಿಕೊಳ್ಳಲಿ.

ಭಾರತ ಈ ನಕ್ಷೆಯಲ್ಲಿ ಎಲ್ಲಿದೆ? ಹೆಸರಿನಿಂದ ಹುಡುಕಿದರೆ ಎಲ್ಲೂ ಇಲ್ಲ. ನಮ್ಮಲ್ಲಿರುವುದು 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯಿದೆ. ಅದರ 30ನೇ ಕಲಮಿನ ಪ್ರಕಾರ ಚಿಕಿತ್ಸೆ ನೋಂದಾಯಿತ ಪಶುವೈದ್ಯರ ಕೆಲಸ. ಒಂದೇ ಒಂದು ಕಿಂಡಿ ಬಿಟ್ಟಿದ್ದಾರೆ. ರಾಜ್ಯ ಸರ್ಕಾರ ಒಪ್ಪಿದರೆ ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಪಡೆದ ಸಹಾಯಕರು ಪಶುವೈದ್ಯರ ಮೇಲ್ವಿಚಾರಣೆಯಲ್ಲಿ 'ಸಣ್ಣ ಪಶುವೈದ್ಯಕೀಯ ಸೇವೆ' ಕೊಡಬಹುದು. ಅಂದರೆ ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯ ಕಟ್ಟುವುದು, ಮತ್ತೆ ರಾಜ್ಯ ಸೂಚಿಸಿದ ಇಂಥವೇ ಪ್ರಾಥಮಿಕ ಕೆಲಸಗಳು. ನರ್ಸ್ ಅನ್ನುವ ಪದವೇ ಅಲ್ಲಿಲ್ಲ. ಮನುಷ್ಯರ ನರ್ಸಿಂಗ್‌ಗೆ 1947ರಲ್ಲೇ ರಾಷ್ಟ್ರೀಯ ಪರಿಷತ್ತಿನ ಕಾನೂನು ಬಂದ ದೇಶ ಇದು.

ಹಳ್ಳಿಗೆ ಬಂದರೆ ಇನ್ನೂ ಗೋಜಲು. ಪಶುವೈದ್ಯಾಧಿಕಾರಿ ಇದ್ದಾರೆ. ಡಿಪ್ಲೊಮಾ ಓದಿದ ಪಶುವೈದ್ಯಕೀಯ ಪರೀಕ್ಷಕರು ಇದ್ದಾರೆ. ಮೂರು ತಿಂಗಳ ತರಬೇತಿ ಪಡೆದು ಕೃತಕ ಗರ್ಭಧಾರಣೆ ಮಾಡುವ 'ಮೈತ್ರಿ' ಹುಡುಗರಿದ್ದಾರೆ. ಹಳ್ಳಿಯಲ್ಲೇ ಪ್ರಾಣಿಗಳ ಪ್ರಾಥಮಿಕ ಆರೈಕೆ ನೋಡುವ ಪಶು ಸಖಿಯರಿದ್ದಾರೆ. 1962ಕ್ಕೆ ಫೋನ್ ಮಾಡಿದರೆ ಬರುವ ಗಾಡಿಯಲ್ಲಿ ಡಾಕ್ಟರ ಜೊತೆ ಇನ್ನೊಬ್ಬರು ಇರುತ್ತಾರೆ. ಖಾಸಗಿ ಕ್ಲಿನಿಕ್ಕಿನಲ್ಲಿ ನನ್ನ ಅಕ್ಕನ ಮಗಳಂಥವರು ಇದ್ದಾರೆ. ಜಮಖಂಡಿಯ ರೈತನಿಗೆ ಇವರಲ್ಲಿ ಹೆಚ್ಚಿನವರು 'ದನದ ಡಾಕ್ಟರ್'. ಯಾರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ತಿಳಿಯುವ ದಾರಿ ಅವನಿಗಿಲ್ಲ. ಕೈಗುಣ ನೋಡುತ್ತಾನೆ, ಅಷ್ಟೇ.

ಇದು ಬರೀ ವೃತ್ತಿ ಗೌರವದ ಮಾತಲ್ಲ. ಕಂದು ರೋಗ ಅನ್ನುವ ಬ್ರುಸೆಲ್ಲೋಸಿಸ್ ಲಸಿಕೆ ತೆಗೆದುಕೊಳ್ಳಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಇದನ್ನು ಹಾಕುತ್ತಾರೆ. ಅದು ಜೀವಂತ ರೋಗಾಣುವಿನ ಲಸಿಕೆ. ಕರು ಕೊಸರಿ ಸೂಜಿ ಕೈಗೆ ಚುಚ್ಚಿತೋ, ಹನಿ ಕಣ್ಣಿಗೆ ಸಿಡಿಯಿತೋ, ಹಾಕುವವನಿಗೇ ರೋಗ ಬರಬಹುದು. ವಾರಗಟ್ಟಲೆ ಬಂದು ಹೋಗುವ ಜ್ವರ, ಕೀಲು ನೋವು. ಕರು ಹಿಡಿಯುವುದು, ಕೈಗವಸು, ಕನ್ನಡಕ, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದಿರುವುದು, ಲಸಿಕೆಯನ್ನು ಎರಡರಿಂದ ಎಂಟು ಡಿಗ್ರಿಯಲ್ಲಿ ಇಡುವುದು. ಐದು ನಿಮಿಷದ ಒಂದು ನಿಲ್ದಾಣದಲ್ಲಿ ಇಷ್ಟನ್ನೂ ನೋಡಬಹುದು. ಗಂಟಲು ಬೇನೆ, ಚಪ್ಪೆ ರೋಗದ ಲಸಿಕೆಗೂ ಹೆಚ್ಚುಕಡಿಮೆ ಅದೇ ಹಾಳೆ ನಡೆಯುತ್ತದೆ.

ಆದ್ದರಿಂದ ನನ್ನ ಲೆಕ್ಕ ಹೀಗಿದೆ. ಬೆಳಗಾವಿ ಮತ್ತು ಬ್ರಿಟನ್ ನಡುವಿನ ಹೊಂದಾಣಿಕೆಗೆ ಮೊದಲು ಅಥಣಿ ಮತ್ತು ಗಡಿಯಾಚೆಯ ಮೀರಜ್ ನಡುವೆ ಹೊಂದಾಣಿಕೆ ಆಗಬೇಕು. ಎಮ್ಮೆಗಳು ಅವೇ, ರೋಗಗಳು ಅವೇ, ರಾಜ್ಯ ಬೇರೆ, ತರಬೇತಿ ಬೇರೆ. ದೊಡ್ಡ ಪರೀಕ್ಷಾ ಭವನ ಬೇಡ. ಹದಿನೈದು ಕೈಕೆಲಸ ಆರಿಸಿ. ಒಂದೊಂದಕ್ಕೂ ಕನ್ನಡದಲ್ಲಿ, ಮರಾಠಿಯಲ್ಲಿ ಒಂದೇ ಹಾಳೆ ಬರೆಯಿರಿ. ಕಲಿಸಿದವರೇ ಪರೀಕ್ಷೆ ಮಾಡಬಾರದು, ಬೇರೆ ತಾಲ್ಲೂಕಿನವರು ಬರಲಿ. ಇಂಥಲ್ಲಿ ಕೈ ಬಿಟ್ಟು ಡಾಕ್ಟರನ್ನು ಕರೆಯಬೇಕು ಅನ್ನುವ ಗೆರೆ ಪ್ರತಿ ಹಾಳೆಯಲ್ಲೂ ಇರಲಿ. ಪಶುವೈದ್ಯರಿಗೆ ಇರುವ ದೊಡ್ಡ ಅಂಜಿಕೆ ಅದೇ ತಾನೇ, ಸರ್ಟಿಫಿಕೇಟ್ ಕೊಟ್ಟರೆ ಇವರೂ ಡಾಕ್ಟರಿಕೆ ಶುರು ಮಾಡುತ್ತಾರೆ ಅಂತ. ಆ ಅಂಜಿಕೆ ಸುಳ್ಳಲ್ಲ. ಆದರೆ ಈಗ ಸರ್ಟಿಫಿಕೇಟ್ ಇಲ್ಲದೆಯೇ ಅದು ನಡೆಯುತ್ತಿದೆಯಲ್ಲ.

ಇನ್ನೊಂದು ಅಪಾಯವನ್ನು ಮುಚ್ಚಿಡುವುದು ಬೇಡ. ಬ್ರಿಟನ್‌ಗೆ ಹೋಗುವ ಮನುಷ್ಯರ ನರ್ಸ್‌ಗಳಿಗೆ ಹತ್ತು ನಿಲ್ದಾಣದ ಓಸ್ಕಿ ಇದೆ, ಅದಕ್ಕೆ ಕೋಚಿಂಗ್ ಕೂಡ ಇದೆ. ಯಾವ ವಾಕ್ಯ ಹೇಳಿದರೆ ಟಿಕ್ ಬೀಳುತ್ತದೆ ಅಂತ ಉರು ಹೊಡೆಸುತ್ತಾರೆ. ಪ್ರಾಣಿಗಳ ನರ್ಸ್‌ಗಳಿಗೂ ಒಂದೇ ಜಾಗತಿಕ ಪರೀಕ್ಷೆ ಬಂದರೆ ಕೋಚಿಂಗ್ ಬೋರ್ಡು ಬೆಳಗಾವಿಯಲ್ಲೂ ಏಳುತ್ತದೆ. ಶುಲ್ಕ ಕಟ್ಟಬಲ್ಲವರು ಹೋಗುತ್ತಾರೆ, ಒಳ್ಳೆಯ ಕೈ ಇದ್ದೂ ದುಡ್ಡಿಲ್ಲದವರು ಉಳಿಯುತ್ತಾರೆ.

ಅಕ್ಕನ ಮಗಳು ಮೊನ್ನೆ ಫೋನ್ ಮಾಡಿದ್ದಳು. ಕ್ಲಿನಿಕ್ಕಿನ ಡಾಕ್ಟರಿಗೆ ಆ ಪಟ್ಟಿ ತೋರಿಸಿದಳಂತೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರಂತೆ. ಎರಡು ವಾರ ಕೊಡು, ಒಂದೊಂದಾಗಿ ನನ್ನೆದುರು ಮಾಡಿ ತೋರಿಸು, ಸರಿ ಕಂಡದ್ದಕ್ಕೆ ಮಾತ್ರ ಸಹಿ ಹಾಕುತ್ತೇನೆ ಅಂದರಂತೆ. ಮೊದಲ ದಿನ ಸೂಜಿ ಹಾಕುವುದು. ನಾಲ್ಕು ವರ್ಷ ಮಾಡಿದ ಕೆಲಸ.

"ಕೈ ನಡುಗಿತು ಮಾಮಾ. ಫಸ್ಟ್ ಟೈಮ್ ಯಾರೋ ನಿಂತು ನೋಡಾಕತ್ತಿದ್ರು" ಅಂದಳು. ಆ ದಿನ ಡಾಕ್ಟರು ಸಹಿ ಹಾಕಲಿಲ್ಲ. ಚುಚ್ಚುವ ಮುಂಚೆ ಅವಳು ಕೈ ತೊಳೆದಿರಲಿಲ್ಲ.